ತುದಿಯ ಕುಣಿಕೆ

ಆಯುಧ ಪೂಜೆಯ ಹಿಂದಿನ ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಬೂದುಗುಂಬಳದ ರಾಶಿ, ಬಾಳೆಕಂದು, ಮಾವಿನ ಸೊಪ್ಪು, ನಿಂಬೆಹಣ್ಣಿನ ಗುಡ್ಡೆ, ಇವುಗಳ ನಡುವೆ ಕಣ್ಣು ಕುಕ್ಕುವ ಹಳದಿ ಸೇವಂತಿಗೆ. ನಾನು ಹೂ ಕೊಳ್ಳುವ ಅಜ್ಜಿ ಮಂಕರಿಯ ಹಿಂದೆ ಕೂತು ಕಟ್ಟುತ್ತಲೇ ಇರುತ್ತಾರೆ. ಕಣ್ಣು ಗಿರಾಕಿಯ ಮೇಲೆ, ಬಾಯಿ ಚೌಕಾಸಿಯಲ್ಲಿ, ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು. ಎರಡು ಹೂ ಆ ಕಡೆ, ಎರಡು ಹೂ ಈ ಕಡೆ, ದಾರ ಒಂದು ಸುತ್ತು, ಬೆರಳ ತುದಿಯಲ್ಲಿ ಒಂದು ಕುಣಿಕೆ, ಎಳೆದರೆ ಬಿಗಿ. ಕಟ್ಟಿದ ಮಾಲೆ ಕತ್ತರಿಯನ್ನೇ ಕಾಣದೆ ಮಂಕರಿಯೊಳಗೆ ಹಾವಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಯಾರಾದರೂ ಒಂದು ಮಾರು ಕೇಳಿದಾಗ ಅಜ್ಜಿ ಎರಡೂ ಕೈ ಚಾಚಿ ಅಳೆದು ಬ್ಲೇಡಿನಿಂದ ಕೊಯ್ದು, ತುದಿಗೊಂದು ಗಂಟು ಹಾಕಿ, ಗೇಣುದ್ದದ ದಾರವನ್ನು ಬಾಲದಂತೆ ಬಿಟ್ಟು ಕೊಡುತ್ತಾರೆ.

ಒಂದು ವರ್ಷ ನಾನು ಕೇಳಿದೆ: "ಈ ಬಾಲ ಯಾಕಜ್ಜಿ? ನೇತಾಡುತ್ತೆ, ಕತ್ತರಿಸಿಬಿಡಿ."

"ಬ್ಯಾಡ ಸಾ, ಅದೇ ಹಿಡ್ಕೊಳ್ಳೋದು" ಅಂದರು.

ಮನೆಗೆ ಬಂದು ನಾನೇ ಕತ್ತರಿಸಿದೆ, ಗಂಟಿನ ಸಮೇತ. ಮಾಲೆಯನ್ನು ಸ್ಕೂಟರಿನ ಮುಂಭಾಗಕ್ಕೆ ಟೇಪಿನಲ್ಲಿ ಅಂಟಿಸಿದೆ. ನೋಡಲು ಚೊಕ್ಕಟವಾಗಿತ್ತು. ಪೂಜೆ ಮುಗಿಸಿ ಹೊರಟವನು ಬನಶಂಕರಿ ಬಸ್ ನಿಲ್ದಾಣ ದಾಟುವಷ್ಟರಲ್ಲಿ ಹೂಗಳು ಒಂದೊಂದಾಗಿ ಜಾರತೊಡಗಿದ್ದವು. ಜೆ.ಪಿ. ನಗರ ಮುಟ್ಟಿದಾಗ ಉಳಿದದ್ದು ದಾರ ಮತ್ತು ಟೇಪು.

ಈ ಅಧ್ಯಾಯದ ಕಥಾನಾಯಕ ಒಂದು ಆರ್‌ಎನ್‌ಎ. ಅದು ತಾನೇ ಮಾಲೆ, ತಾನೇ ದಾರ, ತಾನೇ ಬ್ಲೇಡು. ತನ್ನನ್ನು ತಾನೇ ಅಳೆದು ಕೊಯ್ದುಕೊಳ್ಳುತ್ತದೆ. ಅದನ್ನು ಅರಿಯಲು ಹೊರಟ ದೊಡ್ಡ ದೊಡ್ಡ ವಿಜ್ಞಾನಿಗಳೂ ನಾನು ಸೇವಂತಿಗೆಗೆ ಮಾಡಿದ್ದನ್ನೇ ಅದಕ್ಕೂ ಮಾಡಿದರು. ನೇತಾಡುವ ತುದಿಗಳನ್ನು ಕತ್ತರಿಸಿ, ಚೊಕ್ಕಟ ಮಾಡಿಕೊಂಡು, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದರ ಮೇಲೆ ಪ್ರಯೋಗ ನಡೆಸಿದರು.

ಕೊನೆಯಿಲ್ಲದ ಮಾಲೆ

ಆರ್‌ಎನ್‌ಎ ಎಂದರೆ ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳನ್ನು ಪೋಣಿಸಿದ ಎಳೆ: ಎ, ಯು, ಜಿ, ಸಿ. ಎ ಗೆ ಯು ಜೋಡಿ, ಜಿ ಗೆ ಸಿ ಜೋಡಿ. ಡಿಎನ್‌ಎಯಲ್ಲಿ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಜೊತೆಗಾರ ಇಲ್ಲದ್ದರಿಂದ ಅದು ತನ್ನ ಮೇಲೆ ತಾನೇ ಮಡಚಿಕೊಂಡು ಜೋಡಿ ಹುಡುಕುತ್ತದೆ. ಒಂದು ನೂಲನ್ನು ಚೆನ್ನಾಗಿ ಹುರಿ ಮಾಡಿ ಎರಡೂ ತುದಿಗಳನ್ನು ಹತ್ತಿರ ತನ್ನಿ. ನಡುಭಾಗ ತಾನಾಗಿಯೇ ಸುತ್ತಿಕೊಂಡು ಜಡೆಯಾಗುತ್ತದೆ, ಜಡೆಯ ತುದಿಯಲ್ಲಿ ಚಿಕ್ಕದೊಂದು ಕುಣಿಕೆ ಉಳಿಯುತ್ತದೆ. ಆರ್‌ಎನ್‌ಎಯಲ್ಲೂ ಹೀಗೆಯೇ. ಜೋಡಿಗೊಂಡ ಭಾಗ ಕಾಂಡ, ಎಳೆ ಹಿಂದಿರುಗುವ ತಿರುವಿನಲ್ಲಿ ಜೋಡಿಯಿಲ್ಲದೆ ಉಳಿದ ಅಕ್ಷರಗಳು ಕುಣಿಕೆ.

ಸಸ್ಯಲೋಕದಲ್ಲಿ ಇಂಥ ಬರೀ ಆರ್‌ಎನ್‌ಎಯಷ್ಟೇ ಆಗಿರುವ ರೋಗಕಾರಕಗಳಿವೆ. 1971ರಲ್ಲಿ ಅಮೆರಿಕದ ಥಿಯೋಡರ್ ಡೀನರ್ ಆಲೂಗೆಡ್ಡೆಯನ್ನು ಕದಿರಿನಂತೆ ನೀಳವಾಗಿಸುವ ರೋಗದ ಬೆನ್ನು ಹತ್ತಿ ಇವನ್ನು ಗುರುತಿಸಿದರು, ವೈರಾಯ್ಡ್ ಎಂದು ಹೆಸರಿಟ್ಟರು. ಅವರ ವೈರಾಯ್ಡಿನಲ್ಲಿ ಇರುವುದು 359 ಅಕ್ಷರ. ಕೊರೊನಾ ವೈರಸ್ಸಿನಲ್ಲಿ ಸುಮಾರು 30,000 ಇವೆ. ವೈರಾಯ್ಡಿಗೆ ಪ್ರೋಟೀನಿನ ಅಂಗಿ ಇಲ್ಲ, ಪ್ರೋಟೀನ್ ತಯಾರಿಸುವ ಒಂದು ಜೀನ್ ಕೂಡ ಇಲ್ಲ. ತುದಿ ಮೊದಲಿಲ್ಲದ ಒಂದು ಆರ್‌ಎನ್‌ಎ ಬಳೆ, ಅಷ್ಟೇ.

ಜಯನಗರದ ಜ್ಯೂಸ್ ಅಂಗಡಿಗಳಲ್ಲಿ ನಾವು 'ಬಟರ್ ಫ್ರೂಟ್' ಎಂದು ಕುಡಿಯುವ ಬೆಣ್ಣೆಹಣ್ಣಿಗೂ ಒಂದು ವೈರಾಯ್ಡ್ ಇದೆ. ಅದು ತಗುಲಿದರೆ ಕಾಯಿಯ ಮೇಲೆ ಹಳದಿ ಬರೆ ಬೀಳುತ್ತದೆ. ಮೊದಲು ಕಂಡವರು ಬಿಸಿಲಿನ ಏಟು ಎಂದುಕೊಂಡರು, ಹಾಗಾಗಿ ಅದರ ಹೆಸರಿನಲ್ಲಿ ಸೂರ್ಯ ಉಳಿದುಬಿಟ್ಟ: 'ಸನ್‌ಬ್ಲಾಚ್'. ಕಸಿ ಕಟ್ಟಿದರೆ ಗಿಡದಿಂದ ಗಿಡಕ್ಕೆ ದಾಟುವುದು ಗೊತ್ತಾದ ಮೇಲೆ ಬಿಸಿಲು ನಿರಪರಾಧಿ ಎಂದು ತಿಳಿಯಿತು. ಈ ವೈರಾಯ್ಡಿನ ಉದ್ದ 247 ಅಕ್ಷರದ ಆಸುಪಾಸು. ಇರುವ ಜಾಗ ಎಲೆಯ ಹಸಿರು ಚೀಲವಾದ ಕ್ಲೋರೋಪ್ಲಾಸ್ಟ್.

ಬಳೆಯಂಥ ಆರ್‌ಎನ್‌ಎ ಮರಿ ಮಾಡುವುದು ಹೇಗೆ? ಗಿಡದ ಕಿಣ್ವವೊಂದು ಬಳೆಯ ಮೇಲೆ ಕೂತು ನಕಲು ತೆಗೆಯುತ್ತಾ ಸುತ್ತುತ್ತದೆ. ಬಳೆಗೆ ಕೊನೆಯಿಲ್ಲವಲ್ಲ, ಒಂದು ಸುತ್ತು ಮುಗಿದರೂ ಕಿಣ್ವ ನಿಲ್ಲುವುದಿಲ್ಲ, ಗಾಣದ ಎತ್ತು ಸುತ್ತಿದ ಹಾಗೆ ಸುತ್ತುತ್ತಲೇ ಇರುತ್ತದೆ. ಹೊರಬರುವುದು ಒಂದಕ್ಕೊಂದು ಅಂಟಿದ ಪ್ರತಿಗಳ ಉದ್ದನೆಯ ಮಾಲೆ. ಅಜ್ಜಿಯ ಮಂಕರಿಯೊಳಗಿನ ಮಾಲೆಯ ಹಾಗೆ ಇದನ್ನೂ ಅಳತೆಗೆ ಸರಿಯಾಗಿ, ಪ್ರತಿ ಸಲವೂ ಅದೇ ಜಾಗದಲ್ಲಿ ಕೊಯ್ಯಬೇಕು. ಒಂದು ಅಕ್ಷರ ಆಚೀಚೆಯಾದರೂ ತುಣುಕು ಕೆಟ್ಟಿತು. ಈ ಲೆಕ್ಕದ ಕೊಯ್ತ ಯಾರದು?

ಕತ್ತರಿ ಎಲ್ಲಿದೆ?

ಜೀವಕೋಶದಲ್ಲಿ ಕತ್ತರಿಸುವ ಕೆಲಸ ಎಂದರೆ ಪ್ರೋಟೀನ್ ಕಿಣ್ವದ್ದು ಎಂಬುದು ಬಹುಕಾಲದ ನಂಬಿಕೆ. 1982ರಲ್ಲಿ ಥಾಮಸ್ ಚೆಕ್, ಮರುವರ್ಷ ಸಿಡ್ನಿ ಆಲ್ಟ್‌ಮನ್ ಆರ್‌ಎನ್‌ಎ ಕೂಡ ಕಿಣ್ವದ ಕೆಲಸ ಮಾಡಬಲ್ಲದು ಎಂದು ತೋರಿಸಿ ಆ ನಂಬಿಕೆಯನ್ನು ಅಲುಗಿಸಿದರು. 1989ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂಥ ಆರ್‌ಎನ್‌ಎಗಳಿಗೆ ರೈಬೋಜೈಮ್ ಎಂಬ ಹೆಸರಾಯಿತು.

ಈ ನಡುವೆ, 1986ರಲ್ಲಿ, ಭೂಮಿಯ ಎರಡು ಮೂಲೆಗಳಿಂದ ಒಂದೇ ಸುದ್ದಿ ಬಂತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾರ್ಜ್ ಬ್ರೂನಿಂಗ್ ತಂಡ ತಂಬಾಕಿನ ವೈರಸ್ಸೊಂದರ ಬೆನ್ನೇರಿ ಬರುವ ಪುಟ್ಟ ಉಪಗ್ರಹ ಆರ್‌ಎನ್‌ಎಯನ್ನು ಪರೀಕ್ಷಿಸುತ್ತಿತ್ತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ರಾಬರ್ಟ್ ಸೈಮನ್ಸ್ ತಂಡದ ಮುಂದಿದ್ದದ್ದು ಬೆಣ್ಣೆಹಣ್ಣಿನ ವೈರಾಯ್ಡ್. ಇಬ್ಬರೂ ಮಾಲೆಯಂತಿದ್ದ ಆರ್‌ಎನ್‌ಎಯನ್ನು ಶುದ್ಧ ಮಾಡಿ, ಪ್ರೋಟೀನಿನ ಸುಳಿವೂ ಇಲ್ಲದ ದ್ರಾವಣದಲ್ಲಿ ಸ್ವಲ್ಪ ಮೆಗ್ನೀಸಿಯಂ ಹಾಕಿಟ್ಟರು. ಮಾಲೆ ತಾನಾಗಿಯೇ ತುಂಡಾಯಿತು, ಸರಿಯಾದ ಜಾಗದಲ್ಲೇ.

1987ರಲ್ಲಿ ಫಾರ್ಸ್ಟರ್ ಮತ್ತು ಸೈಮನ್ಸ್ ಈ ಕೊಯ್ತಕ್ಕೆ ಬೇಕಾದ ಕನಿಷ್ಠ ಭಾಗವನ್ನು ಕಾಗದದ ಮೇಲೆ ಬರೆದರು. ಮೂರು ಕಾಂಡಗಳು ಒಂದು ನಡುಮನೆಗೆ ಬಂದು ಸೇರುತ್ತವೆ. ನಡುಮನೆಯಲ್ಲಿರುವ ಹದಿನೈದರಷ್ಟು ಅಕ್ಷರಗಳು ಎಲ್ಲ ಜಾತಿಯಲ್ಲೂ ಬಹುಮಟ್ಟಿಗೆ ಒಂದೇ. ಚಿತ್ರ ನೋಡಲು ಸುತ್ತಿಗೆಯ ತಲೆಯಂತಿತ್ತು. 'ಹ್ಯಾಮರ್‌ಹೆಡ್' ಎಂಬ ಹೆಸರು ಅಂಟಿಕೊಂಡಿತು. ಒಟ್ಟು ಐವತ್ತರಷ್ಟು ಅಕ್ಷರ ಇದ್ದರೆ ಸಾಕು, ಕತ್ತರಿ ತಯಾರು.

ಬ್ಲೇಡು ಇರುವುದೆಲ್ಲಿ ಅಂದರೆ, ಆರ್‌ಎನ್‌ಎಯ ಪ್ರತಿ ಅಕ್ಷರದ ಸಕ್ಕರೆಯಲ್ಲೂ. ಡಿಎನ್‌ಎಗೂ ಆರ್‌ಎನ್‌ಎಗೂ ಇರುವ ಮುಖ್ಯ ವ್ಯತ್ಯಾಸ ಈ ಸಕ್ಕರೆಗೆ ಅಂಟಿದ ಒಂದು ಆಕ್ಸಿಜನ್. ಅದು ಡಿಎನ್‌ಎಯಲ್ಲಿ ಇಲ್ಲ, ಆರ್‌ಎನ್‌ಎಯಲ್ಲಿ ಇದೆ. ಪಕ್ಕದಲ್ಲೇ ಎಳೆಯನ್ನು ಬೆಸೆದಿರುವ ರಂಜಕ, ಅಂದರೆ ಫಾಸ್ಫರಸ್ ಇದೆ. ಈ ಆಕ್ಸಿಜನ್ ರಂಜಕದ ಮೇಲೆ ಎರಗಿ ಅದನ್ನು ತನ್ನ ಕಡೆಗೆ ಎಳೆದುಕೊಂಡರೆ ಆಚೆಗಿನ ಬೆಸುಗೆ ಬಿಟ್ಟು ಎಳೆ ತುಂಡಾಗುತ್ತದೆ. ಹಾಗಿದ್ದರೆ ಎಲ್ಲ ಆರ್‌ಎನ್‌ಎಯೂ ಎಲ್ಲ ಕಡೆಯೂ ತಕ್ಷಣ ಪುಡಿಯಾಗಬೇಕಿತ್ತಲ್ಲ? ಆಗುವುದಿಲ್ಲ, ಏಕೆಂದರೆ ಗುರಿ ಸರಿಯಿರಬೇಕು. ಕೇರಂ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟ್ರೈಕರ್, ಕಾಯಿ, ಪಾಕೆಟ್ ಮೂರೂ ಒಂದೇ ಗೆರೆಯಲ್ಲಿದ್ದರೆ ನೇರ ಹೊಡೆತಕ್ಕೆ ಕಾಯಿ ಒಳಗೆ. ಇಲ್ಲೂ ಎರಗುವ ಆಕ್ಸಿಜನ್, ರಂಜಕ, ಬಿಟ್ಟುಹೋಗಬೇಕಾದ ಆಕ್ಸಿಜನ್ ಮೂರೂ ಗೆರೆ ಎಳೆದಂತೆ ನಿಲ್ಲಬೇಕು. ಸಾಮಾನ್ಯ ಆರ್‌ಎನ್‌ಎಯಲ್ಲಿ ಅವು ಹಾಗೆ ನಿಲ್ಲುವುದು ಅಪರೂಪ. ಹ್ಯಾಮರ್‌ಹೆಡ್ ಒಂದೇ ಒಂದು ಜಾಗದಲ್ಲಿ, 17ನೇ ಅಕ್ಷರವೆಂದು ಲೆಕ್ಕವಿಟ್ಟಿರುವ ಕಡೆ, ಅವನ್ನು ಹಾಗೆ ನಿಲ್ಲಿಸುತ್ತದೆ. ಹೇಗೆ ನಿಲ್ಲಿಸುತ್ತದೆ ಎಂದು ತಿಳಿಯಲು ಕಾಗದದ ಮೇಲಿನ ಚಪ್ಪಟೆ ಚಿತ್ರ ಸಾಲದು, ಉದ್ದ ಅಗಲ ಆಳ ಮೂರೂ ಬೇಕು.

ಸುತ್ತಿಗೆಯಲ್ಲದ ಸುತ್ತಿಗೆ

ಮೂರು ಆಯಾಮದ ರೂಪ ನೋಡಲು ಹರಳು ಬೆಳೆಸಿ ಎಕ್ಸ್ ಕಿರಣ ಹಾಯಿಸಬೇಕು. ಹರಳಾಗಬೇಕಾದರೆ ಕೋಟಿಗಟ್ಟಲೆ ಅಣುಗಳು ಒಂದೇ ಭಂಗಿಯಲ್ಲಿ, ಸೈನಿಕರ ಹಾಗೆ ಸಾಲುಗಟ್ಟಬೇಕು. ನೇತಾಡುವ ತುದಿಗಳಿದ್ದರೆ ಸಾಲು ಕೆಡುತ್ತದೆ. ಹಾಗಾಗಿ ವಿಜ್ಞಾನಿಗಳು ಕಾಂಡಗಳ ತುದಿಯನ್ನು ಮೊಟಕು ಮಾಡಿದರು. ಮಾಡಲು ಒಳ್ಳೆಯ ಕಾರಣವೂ ಇತ್ತು. ನಡುಮನೆಯ ಅಕ್ಷರಗಳು ಎಲ್ಲ ಜಾತಿಯಲ್ಲೂ ಒಂದೇ, ಆದ್ದರಿಂದ ಮುಖ್ಯ. ತುದಿಯ ಕುಣಿಕೆಗಳು ಜಾತಿಗೊಂದು ತೆರ, ಒಂದರ ಅಕ್ಷರ ಇನ್ನೊಂದಕ್ಕೆ ಹೋಲದು, ಆದ್ದರಿಂದ ಅಮುಖ್ಯ. ಕುಣಿಕೆ ಕತ್ತರಿಸಿದ ಮೇಲೂ ಪ್ರನಾಳದಲ್ಲಿ ಕೊಯ್ತ ನಡೆಯುತ್ತಿತ್ತು. ಇನ್ನೇನು ಬೇಕು?

1994ರಲ್ಲಿ ಡೇವಿಡ್ ಮೆಕೇ ತಂಡ, 1995ರಲ್ಲಿ ಕೇಂಬ್ರಿಜ್‌ನ ವಿಲಿಯಂ ಸ್ಕಾಟ್, ಜಾನ್ ಫಿಂಚ್ ಮತ್ತು ಆರನ್ ಕ್ಲುಗ್ ಹ್ಯಾಮರ್‌ಹೆಡ್‌ನ ಹರಳಿನ ರೂಪ ಪ್ರಕಟಿಸಿದರು. ಸುತ್ತಿಗೆಯ ಆಕಾರ ಮಾಯವಾಗಿತ್ತು. ಅಣು ಕವೆಗೋಲಿನಂತೆ, ಇಂಗ್ಲಿಷಿನ ವೈ ಅಕ್ಷರದಂತೆ ಕಂಡಿತು. ಕಂಡದ್ದೇನೋ ಸರಿ, ಆದರೆ ಕೇರಂ ಕಾಯಿಗಳು ಗೆರೆಯಲ್ಲಿರಲಿಲ್ಲ. ಎರಗಬೇಕಾದ ಆಕ್ಸಿಜನ್ ಬದಿಗೆ ಸರಿದು ನಿಂತಿತ್ತು.

ತಗಾದೆ ಅಲ್ಲಿಗೇ ಮುಗಿಯಲಿಲ್ಲ. ಹರಳಿನ ಗೊಡವೆಗೆ ಹೋಗದೆ ಪ್ರನಾಳದಲ್ಲಿ ಒಂದೊಂದೇ ಅಕ್ಷರ ಬದಲಿಸಿ ನೋಡುತ್ತಿದ್ದ ಜೀವರಸಾಯನ ತಜ್ಞರಿಗೆ 8ನೇ ಜಿ ಮತ್ತು 12ನೇ ಜಿ ಜೀವಾಳ ಎಂದು ಗೊತ್ತಿತ್ತು. ಅವುಗಳಲ್ಲಿ ಒಂದೆರಡು ಪರಮಾಣು ಬದಲಾದರೂ ಕೊಯ್ತ ನಿಲ್ಲುತ್ತಿತ್ತು. ಹರಳಿನ ಚಿತ್ರದಲ್ಲಾದರೋ ಅವೆರಡೂ ಕೊಯ್ಯುವ ಜಾಗದಿಂದ ದೂರ, ಕೆಲಸವಿಲ್ಲದವರಂತೆ ನಿಂತಿದ್ದವು. ಹರಳಿನವರು ಅಣು ಕೊಯ್ಯುವ ಕ್ಷಣದಲ್ಲಿ ಭಂಗಿ ಬದಲಿಸುತ್ತದೆ ಎಂದರು. ರಸಾಯನದವರು ಅಷ್ಟು ದೊಡ್ಡ ಬದಲಾವಣೆ ಹರಳಿನೊಳಗೆ ಸಾಧ್ಯವೇ ಎಂದು ಕೇಳಿದರು. ಎರಡೂ ಕಡೆಯ ಪ್ರಯೋಗಗಳಲ್ಲಿ ತಪ್ಪಿರಲಿಲ್ಲ. ಜಗಳ ವರ್ಷಗಟ್ಟಲೆ ನಡೆಯಿತು.

ಇನ್ನೊಂದು ಮುಜುಗರವೂ ಇತ್ತು. ಮೊಟಕು ಹ್ಯಾಮರ್‌ಹೆಡ್‌ಗೆ ಕೆಲಸ ಮಾಡಲು ಜೀವಕೋಶದಲ್ಲಿ ಸಿಗುವುದರ ಹತ್ತು ಪಟ್ಟಿನಷ್ಟು ಮೆಗ್ನೀಸಿಯಂ ಬೇಕಿತ್ತು. ಅಷ್ಟು ಕೊಟ್ಟರೂ ನಿಮಿಷಕ್ಕೊಂದು ಕೊಯ್ತ. ನಿಜವಾದ ಕೋಶದೊಳಗೆ ಹಾಕಿದರೆ ಅದು ಹೆಚ್ಚುಕಡಿಮೆ ನಿದ್ದೆ ಹೋಗುತ್ತಿತ್ತು. ಗಿಡದೊಳಗಿನ ವೈರಾಯ್ಡ್ ಮಾತ್ರ ಅದೇ ಕೋಶದಲ್ಲಿ, ಅದೇ ಬಡ ಮೆಗ್ನೀಸಿಯಂನಲ್ಲಿ, ಸಲೀಸಾಗಿ ಕೊಯ್ದುಕೊಳ್ಳುತ್ತಿತ್ತು.

ಕುಣಿಕೆಗೆ ಕುಣಿಕೆ

2003ರಲ್ಲಿ ಕಸದ ಬುಟ್ಟಿಗೆ ಹೋಗಿದ್ದ ತುದಿಗಳನ್ನು ಮತ್ತೆ ಹೆಕ್ಕಿ ತಂದವರು ಎರಡು ತಂಡದವರು. ಸ್ಪೇನಿನ ವೆಲೆನ್ಸಿಯಾದಲ್ಲಿ ಇಡೀ ಬದುಕನ್ನು ವೈರಾಯ್ಡುಗಳ ಜೊತೆ ಕಳೆದ ರಿಕಾರ್ಡೊ ಫ್ಲೋರೆಸ್, ಅವರ ಜೊತೆ ಮಾರ್ಕೋಸ್ ಡೆ ಲಾ ಪೆನ್ಯಾ ಮತ್ತು ಸೆಲ್ಮಾ ಗಾಗೊ. ಇನ್ನೊಂದು ಕಡೆ ಅನಸ್ತಾಸಿಯಾ ಖ್ವೊರೊವಾ, ಎರಿಕ್ ವೆಸ್ಟ್‌ಹೋಫ್ ಮತ್ತು ಸಂಗಡಿಗರು. ಗಿಡದಲ್ಲಿ ಹೇಗಿದೆಯೋ ಹಾಗೆಯೇ, ಕುಣಿಕೆಗಳ ಸಮೇತ ಹ್ಯಾಮರ್‌ಹೆಡ್ ತಯಾರಿಸಿ ನೋಡಿದರು. ಕೊಯ್ತದ ವೇಗ ಎಷ್ಟೋ ಪಟ್ಟು ಏರಿತು. ಮುಂದಿನ ಅಳತೆಗಳಲ್ಲಿ ಕೆಲವು ಹ್ಯಾಮರ್‌ಹೆಡ್‌ಗಳ ವೇಗ ಸಾವಿರ ಪಟ್ಟಿನವರೆಗೂ ಹೋಯಿತು. ಮೆಗ್ನೀಸಿಯಂ ಕೋಶದಲ್ಲಿರುವಷ್ಟೇ ಸಾಕಾಯಿತು. ಕುಣಿಕೆಯ ಅಕ್ಷರಗಳನ್ನು ಕೆಡಿಸಿದರೆ ವೇಗ ಮತ್ತೆ ಬಿದ್ದುಹೋಯಿತು.

ನಡೆಯುತ್ತಿರುವುದೇನು ಎಂದು ಕಣ್ಣಿಗೆ ಕಂಡದ್ದು 2006ರಲ್ಲಿ. ಹನ್ನೊಂದು ವರ್ಷದ ಹಿಂದೆ ಮೊಟಕು ಹ್ಯಾಮರ್‌ಹೆಡ್‌ನ ಚಿತ್ರ ಕೊಟ್ಟ ಅದೇ ವಿಲಿಯಂ ಸ್ಕಾಟ್, ಈ ಸಲ ಸಾಂಟಾ ಕ್ರೂಸ್‌ನಲ್ಲಿ ಮೋನಿಕಾ ಮಾರ್ಟಿಕ್ ಜೊತೆ, ಪೂರ್ತಿ ಹ್ಯಾಮರ್‌ಹೆಡ್‌ನ ಹರಳು ಬೆಳೆಸಿದರು. ಅದು ಶಿಸ್ಟೊಸೋಮಾ ಎಂಬ, ಮನುಷ್ಯರ ರಕ್ತದಲ್ಲಿ ಬೀಡುಬಿಡುವ ಹುಳುವಿನದು. ಚಿತ್ರದ ಸ್ಪಷ್ಟತೆ 2.2 ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್.

ಆ ಚಿತ್ರದಲ್ಲಿ ಎರಡು ಕಾಂಡಗಳು ಪಕ್ಕಪಕ್ಕ ನಿಂತಿವೆ. ಒಂದರ ತುದಿಯ ಕುಣಿಕೆ ಬಾಗಿ ಇನ್ನೊಂದರ ಮಗ್ಗುಲಿನ ಉಬ್ಬಿಗೆ ತಗುಲಿಕೊಂಡಿದೆ. ಈ ಹಿಡಿತ ಎ–ಯು, ಜಿ–ಸಿ ಎಂಬ ಮಾಮೂಲು ಜೋಡಿಯದ್ದಷ್ಟೇ ಅಲ್ಲ. ಅಕ್ಷರಗಳು ಓರೆಯಾಗಿ, ಅಂಚಿಗೆ ಅಂಚು ತಾಗಿಸಿ, ಒಂದರ ಮೇಲೊಂದು ದೋಸೆ ಪೇರಿಸಿದಂತೆ ಕೂತು ಹಿಡಿದಿವೆ. ಇಲ್ಲಿ ಹಿಡಿತ ಬಿದ್ದದ್ದರಿಂದ ಒಂದು ಕಾಂಡ ತುಸು ತಿರುಚಿಕೊಂಡಿದೆ. ಆ ತಿರುಚು ಕಾಂಡದುದ್ದಕ್ಕೂ ಇಳಿದು ನಡುಮನೆ ತಲುಪಿದೆ. ಒದ್ದೆ ಪಂಚೆಯ ಒಂದು ತುದಿ ಹಿಂಡಿದರೆ ತಿರುಚು ಇನ್ನೊಂದು ತುದಿಗೆ ಹೋಗುವುದಿಲ್ಲವೇ, ಹಾಗೆ. ನಡುಮನೆಯಲ್ಲಿ 17ನೇ ಸಿ ಹೊರಳಿದೆ. ಎರಗುವ ಆಕ್ಸಿಜನ್, ರಂಜಕ, ಬಿಟ್ಟುಹೋಗುವ ಆಕ್ಸಿಜನ್ ಗೆರೆಗೆ ಬಂದಿವೆ. ಕೆಲಸವಿಲ್ಲದವರಂತೆ ಕಂಡಿದ್ದ 12ನೇ ಜಿ ಮತ್ತು 8ನೇ ಜಿ ಕೊಯ್ಯುವ ಜಾಗದ ಎರಡು ಬದಿಗೆ ಬಂದು ನಿಂತಿವೆ. 12ನೇ ಜಿ ಎರಗುವ ಆಕ್ಸಿಜನ್ನಿನಿಂದ ಪ್ರೋಟಾನ್ ಕಸಿದು ಅದನ್ನು ಕೆರಳಿಸುವ ಜಾಗದಲ್ಲಿ, 8ನೇ ಜಿಯ ಸಕ್ಕರೆ ಬಿಟ್ಟುಹೋಗುವ ಆಕ್ಸಿಜನ್ನಿಗೆ ಪ್ರೋಟಾನ್ ಕೊಟ್ಟು ಬೀಳ್ಕೊಡುವ ಜಾಗದಲ್ಲಿ.

ಜಗಳ ಆಡಿದ ಇಬ್ಬರ ಮಾತೂ ನಿಜವಾಗಿತ್ತು. ಮೊಟಕು ಅಣು ಯಾವ ಭಂಗಿಯಲ್ಲೂ ಸ್ಥಿರವಾಗಿ ನಿಲ್ಲದೆ ಸಡಿಲವಾಗಿ ಅಲ್ಲಾಡುತ್ತಿತ್ತು. ಕೊಯ್ಯುವ ಭಂಗಿಗೆ ಅಪ್ಪಿತಪ್ಪಿ ಬಂದಾಗ ಕೊಯ್ಯುತ್ತಿತ್ತು, ಅದನ್ನು ರಸಾಯನದವರು ಕಂಡರು. ಉಳಿದ ಹೊತ್ತಿನಲ್ಲಿ ಬೇರೆ ಭಂಗಿಯಲ್ಲಿ ವಿಶ್ರಮಿಸುತ್ತಿತ್ತು, ಅದನ್ನು ಹರಳಿನವರು ಕಂಡರು. ಕುಣಿಕೆಗಳು ಇದ್ದಿದ್ದರೆ ಅಣು ಕೊಯ್ಯುವ ಭಂಗಿಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಿತ್ತು.

ಜಾತಿಯಿಂದ ಜಾತಿಗೆ ಕುಣಿಕೆಯ ಅಕ್ಷರಗಳು ಬೇರೆ ಬೇರೆ ಎಂಬ ಕಾರಣಕ್ಕೆ ತಾನೆ ಅವನ್ನು ಎಸೆದದ್ದು? ಅಕ್ಷರ ಬೇರೆಯಾದರೂ ಹಿಡಿತ ಬೇರೆಯಲ್ಲ. ಒಬ್ಬರು ಬಾಳೆನಾರಿನಲ್ಲಿ ಕಟ್ಟುತ್ತಾರೆ, ಇನ್ನೊಬ್ಬರು ಹತ್ತಿ ದಾರದಲ್ಲಿ. ನಾರು ದಾರಗಳನ್ನು ಹೋಲಿಸಿ ನೋಡಿದರೆ ಸಾಮ್ಯ ಕಾಣದು, ಗಂಟನ್ನು ನೋಡಬೇಕು. ಆರ್‌ಎನ್‌ಎಯ ಗಂಟು ಬರೀ ಅಕ್ಷರಗಳ ಸಾಲಿನಲ್ಲಿ ಕಾಣಿಸುವುದಿಲ್ಲ, ಮೂರು ಆಯಾಮದಲ್ಲಿ ಮಾತ್ರ ಕಾಣುತ್ತದೆ.

ಹಸಿರು ಮಾರ್ಗದ ಆ ತುದಿ

ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಯಶವಂತಪುರದ ಕಡೆ ಹೋದರೆ, ಊರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಹತ್ತಿರ. ಹರಳು ಬೆಳೆಸಿ ಜೀವದ ಅಣುಗಳ ಆಕಾರ ಹುಡುಕುವ ಕಸುಬಿಗೆ ಬೆಂಗಳೂರಿನಲ್ಲಿ ಹಳೆಯ ಬೇರಿದೆ. 1971ರಲ್ಲಿ ಜಿ.ಎನ್. ರಾಮಚಂದ್ರನ್ ಇಲ್ಲಿ ಅಣುಜೀವಭೌತ ವಿಭಾಗ ಕಟ್ಟಿದರು. ಭೌತವಿಜ್ಞಾನ ವಿಭಾಗದ ಎಂ.ಎ. ವಿಶ್ವಾಮಿತ್ರ ಅವರು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮತ್ತಿತರರ ಜೊತೆ 1978ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎ, ಟಿ, ಎ, ಟಿ (ಡಿಎನ್‌ಎಯಲ್ಲಿ ಯು ಜಾಗದಲ್ಲಿ ಟಿ) ಎಂಬ ನಾಲ್ಕೇ ಅಕ್ಷರದ ಡಿಎನ್‌ಎ ತುಣುಕಿನ ರೂಪವನ್ನು ಪರಮಾಣು ಮಟ್ಟದಲ್ಲಿ ಪ್ರಕಟಿಸಿದರು. ನಾಲ್ಕು ಅಕ್ಷರ ಎಂದರೆ ಅಲ್ಪವೆಂದುಕೊಳ್ಳಬೇಡಿ. ನಾಲ್ಕಕ್ಷರದ ಮಹಿಮೆ ಮುಂದೆ ಬರುತ್ತದೆ.

ನಮ್ಮ ಕಥೆಗೆ ಇನ್ನೂ ಹತ್ತಿರದ ನೆಂಟ ಅಗಸೆ ಮರದ ವೈರಸ್. ಹಳೇ ಮೈಸೂರಿನವರು ಚೊಗಚೆ ಎನ್ನುವ, ವೀಳ್ಯದೆಲೆ ಬಳ್ಳಿ ಹಬ್ಬಿಸಲು ನೆಡುವ ಮರ ಇದು. ಅದರ ಎಲೆಯಲ್ಲಿ ಬಣ್ಣ ಬಣ್ಣದ ತೇಪೆ ಮೂಡಿಸುವ ಸೆಸ್ಬೇನಿಯಾ ಮೊಸಾಯಿಕ್ ವೈರಸ್ ಸಿಕ್ಕಿದ್ದು ತಿರುಪತಿಯ ಸುತ್ತಿನ ಹೊಲಗಳಲ್ಲಿ. ವಿಜ್ಞಾನ ಸಂಸ್ಥೆಯ ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ಅವರ ತಂಡಗಳು 1995ರಲ್ಲಿ ಅದರ ರೂಪವನ್ನು 3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಬಿಡಿಸಿಟ್ಟವು: 180 ಪ್ರೋಟೀನುಗಳನ್ನು ಜೋಡಿಸಿ ಕಟ್ಟಿದ ಚೆಂಡು.

ಈ ವೈರಸ್ ಸೋಬೆಮೋ ಎಂಬ ಕುಲದ್ದು. ಈ ಕುಲದ ಕೆಲವು ದಾಯಾದಿಗಳು ತಮ್ಮ ಚೆಂಡಿನೊಳಗೆ ಸ್ವಂತ ಆರ್‌ಎನ್‌ಎಯ ಜೊತೆ ಒಂದು ಪುಟ್ಟ ಬಳೆಯನ್ನೂ ಹೊತ್ತು ತಿರುಗುತ್ತವೆ. ಅದು ಮೆಟ್ರೋದಲ್ಲಿ ಟಿಕೆಟ್ ಇಲ್ಲದೆ ಕೂತ ಪ್ರಯಾಣಿಕನ ಹಾಗೆ. ದನಕರುಗಳಿಗೆ ಹಾಕುವ ಕುದುರೆ ಮಸಾಲೆ ಸೊಪ್ಪಿನ ಒಂದು ವೈರಸ್ ಹೊರುವ ಬಳೆ 320 ಅಕ್ಷರದ ಆಸುಪಾಸಿನದು. ಭತ್ತದ ಹಳದಿ ಮಚ್ಚೆ ವೈರಸ್ ಹೊರುವ ಬಳೆ ಬರೀ 220 ಅಕ್ಷರದ್ದು. ಈ ಬಳೆಗಳೂ ಹ್ಯಾಮರ್‌ಹೆಡ್‌ನಿಂದಲೇ ತಮ್ಮನ್ನು ಕೊಯ್ದುಕೊಳ್ಳುತ್ತವೆ.

ಹಾಗಾದರೆ ವೈರಸ್ಸಿನ ಹರಳಿಗೆ ಎಕ್ಸ್ ಕಿರಣ ಹಾಯಿಸಿದರೆ ಒಳಗಿನ ಆರ್‌ಎನ್‌ಎ ಕುಣಿಕೆಗಳೂ ಕಾಣಬೇಕಲ್ಲವೇ? ಸಾಮಾನ್ಯವಾಗಿ ಕಾಣುವುದಿಲ್ಲ. ಹರಳಿನ ಚಿತ್ರ ಕೋಟಿಗಟ್ಟಲೆ ಚೆಂಡುಗಳ ಸರಾಸರಿ. ಹೊರಗಿನ ಪ್ರೋಟೀನುಗಳು ಎಲ್ಲ ಚೆಂಡಿನಲ್ಲೂ ಅದೇ ವಿನ್ಯಾಸದಲ್ಲಿ ಕೂತಿರುವುದರಿಂದ ಸ್ಪಷ್ಟವಾಗಿ ಮೂಡುತ್ತವೆ. ಒಳಗಿನ ಎಳೆ ಒಂದೊಂದು ಚೆಂಡು ಒಂದೊಂದು ದಿಕ್ಕಿಗೆ ತಿರುಗಿ ಕೂತಿದ್ದರಿಂದ ಕಲಸಿಹೋಗಿ ಮಸುಕಾಗುತ್ತದೆ. ಕ್ರಮಬದ್ಧವಾದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಬಾಗುವ, ಬಳುಕುವ, ಜಾಗ ಬದಲಿಸುವ ಕುಣಿಕೆ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದಲೇ ಆರ್‌ಎನ್‌ಎ ಕುಣಿಕೆಯನ್ನು ಹೊರತೆಗೆದು, ಅದಕ್ಕೆಂದೇ ಬೇರೆ ಹರಳು ಬೆಳೆಸಬೇಕಾಯಿತು.

ನಾಲ್ಕು ಅಕ್ಷರದ ಮಹಿಮೆ

ಈಗ ಸೇವಂತಿಗೆಗೆ ಬರೋಣ. ಈ ಹೂವಿಗೂ ಹ್ಯಾಮರ್‌ಹೆಡ್ ಇಟ್ಟುಕೊಂಡ ಒಂದು ವೈರಾಯ್ಡ್ ಇದೆ. ತಗುಲಿದರೆ ಎಲೆಯಲ್ಲಿ ಹಳದಿ ಚುಕ್ಕೆಗಳೆದ್ದು ಕೊನೆಗೆ ಎಲೆಯೇ ಬಿಳಿಚಿಕೊಳ್ಳುತ್ತದೆ. 1997ರಲ್ಲಿ ಬೀಟ್ರಿಸ್ ನವಾರೊ ಮತ್ತು ಫ್ಲೋರೆಸ್ ಅದರ ಅಕ್ಷರಗಳನ್ನು ಓದಿದರು: ಸುಮಾರು 399. ಓದುವಾಗ ಒಂದು ವಿಚಿತ್ರ ಎದುರಾಯಿತು. ಕೆಲವು ಸೇವಂತಿಗೆ ಗಿಡಗಳಲ್ಲಿ ವೈರಾಯ್ಡ್ ತುಂಬಿದ್ದರೂ ಎಲೆ ಹಸಿರಾಗಿ ನಳನಳಿಸುತ್ತಿತ್ತು. ರೋಗ ತರುವ ವೈರಾಯ್ಡಿಗೂ ತರದ ವೈರಾಯ್ಡಿಗೂ ಹೋಲಿಸಿ, ಒಂದೊಂದೇ ವ್ಯತ್ಯಾಸ ತೆಗೆದು ಹಾಕಿ ಪರೀಕ್ಷಿಸಿದಾಗ, 1999ರಲ್ಲಿ ಬೆರಳು ಬಂದು ನಿಂತದ್ದು ಒಂದು ಕಾಂಡದ ತುದಿಯ ನಾಲ್ಕಕ್ಷರದ ಕುಣಿಕೆಯ ಮೇಲೆ. ಯು-ಯು-ಯು-ಸಿ ಇದ್ದರೆ ರೋಗ. ಜಿ-ಎ-ಎ-ಎ ಇದ್ದರೆ ಗಿಡ ಕ್ಷೇಮ.

ಜಿ-ಎ-ಎ-ಎ ಕುಣಿಕೆ ಆರ್‌ಎನ್‌ಎ ಲೋಕದಲ್ಲಿ ಬಲು ಪ್ರಸಿದ್ಧ. ಅದರ ಮೊದಲ ಜಿ ಮತ್ತು ಕೊನೆಯ ಎ ಓರೆಯಾಗಿ ಕೈ ಹಿಡಿಯುತ್ತವೆ. ಎಳೆ ಮೊದಲ ಅಕ್ಷರವಾದ ಕೂಡಲೇ ಥಟ್ಟನೆ ಹಿಂದಿರುಗುತ್ತದೆ. ಉಳಿದ ಮೂರು ಎಗಳು ಒಂದರ ಮೇಲೊಂದು ಪೇರಿಕೊಂಡು, ಅಂಚನ್ನು ಹೊರಗೆ ಚಾಚಿ, ಬೇರೆ ಆರ್‌ಎನ್‌ಎ ಕಾಂಡ ಸಿಕ್ಕರೆ ಅಂಟಿಕೊಳ್ಳಲು ಸಿದ್ಧವಾಗಿರುತ್ತವೆ. ಸಡಿಲ ಕುಣಿಕೆಗಳ ನಡುವೆ ಇದೊಂದು ಅಚ್ಚುಕಟ್ಟಾದ ಗಂಟು.

2005ರಲ್ಲಿ ಅದೇ ವೆಲೆನ್ಸಿಯಾದ ತಂಡ ಇನ್ನೊಂದನ್ನು ಕಂಡಿತು. ಈ ವೈರಾಯ್ಡಿನ ಎರಡು ದೂರದ ಕಾಂಡಗಳ ಕುಣಿಕೆಗಳು ತುದಿಗೆ ತುದಿ ತಾಗಿಸಿ ಜೋಡಿಯಾಗುತ್ತವೆ. ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ಮುತ್ತಿಡುವ ಕುಣಿಕೆಗಳು. ಆ ಅಕ್ಷರಗಳನ್ನು ಬದಲಿಸಿ ಮುತ್ತು ತಪ್ಪಿಸಿದರೆ ಗಿಡದಲ್ಲಿ ವೈರಾಯ್ಡ್ ಬಾಳುವುದಿಲ್ಲ. ಎದುರುಬದುರಿನ ಎರಡೂ ಕಡೆ ಹೊಂದಿಕೆಯಾಗುವಂತೆ ಬದಲಿಸಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಅಲ್ಲಿಗೆ ಬೇಕಿರುವುದು ಅಕ್ಷರವಲ್ಲ, ಹಿಡಿತ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುವವರಿಗೆ ಇದರಿಂದ ಒಂದು ಉಪಯುಕ್ತ ಪಾಠ ಇದೆ. ಈ ಗಿಡವನ್ನು ಹೆಚ್ಚಾಗಿ ಬೀಜದಿಂದಲ್ಲ, ತಾಯಿ ಗಿಡದ ಮರಿ ಮತ್ತು ಕಡ್ಡಿಗಳಿಂದ ಬೆಳೆಸುತ್ತಾರೆ. ವೈರಾಯ್ಡ್ ಹರಡುವುದು ಅದೇ ದಾರಿಯಲ್ಲಿ, ಕಡ್ಡಿ ಕತ್ತರಿಸುವ ಚಾಕುವಿನ ಅಲಗಿಗಂಟಿ. ಪ್ರೋಟೀನೇ ಇಲ್ಲದ ಶತ್ರುವಿಗೆ ಹೊಡೆಯಲು ಔಷಧಿ ಇಲ್ಲ. ಶುದ್ಧ ತಾಯಿ ಗಿಡ, ಶುದ್ಧ ಚಾಕು, ಇವೆರಡೇ ಕಾಪು. ಆಯುಧವನ್ನು ವರ್ಷಕ್ಕೊಮ್ಮೆ ತೊಳೆದು ಪೂಜಿಸಿದರೆ ಸಾಲದು, ಗಿಡದಿಂದ ಗಿಡಕ್ಕೆ ಹೋಗುವಾಗಲೂ ತೊಳೆಯಬೇಕು.

ಹುಸಿಗಂಟು

ಗಿಡದ ಮಾತಾಯಿತು, ಮನುಷ್ಯನಿಗೆ? ನಮ್ಮನ್ನು ಕಾಡುವ ವೈರಸ್ಸುಗಳಲ್ಲೂ ತನ್ನನ್ನು ತಾನೇ ಕೊಯ್ದುಕೊಳ್ಳುವ ಒಂದಿದೆ: ಹೆಪಟೈಟಿಸ್ ಡೆಲ್ಟಾ. 1977ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಮಾರಿಯೋ ರಿಜೆಟೊ ಇದರ ಸುಳಿವು ಹಿಡಿದರು. ಸುಮಾರು 1,700 ಅಕ್ಷರದ ಆರ್‌ಎನ್‌ಎ ಬಳೆ. ಸ್ವಂತ ಹೊರಹೊದಿಕೆ ಇಲ್ಲ, ಹೆಪಟೈಟಿಸ್ ಬಿ ವೈರಸ್ಸಿನ ಹೊದಿಕೆಯನ್ನು ಕಡ ತಂದು ಹೊದ್ದುಕೊಳ್ಳುತ್ತದೆ. ಬಿ ಇಲ್ಲದ ಯಕೃತ್ತಿನಲ್ಲಿ ಇದರ ಆಟ ನಡೆಯದು. ಮಗು ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಹಾಕುವ ಹೆಪಟೈಟಿಸ್ ಬಿ ಲಸಿಕೆ ಹೀಗೆ ಒಂದೇ ಏಟಿಗೆ ಎರಡನ್ನೂ ತಡೆಯುತ್ತದೆ.

ಡೆಲ್ಟಾದ ಬಳೆಯೂ ಗಾಣದೆತ್ತಿನ ಹಾಗೆ ನಕಲಾಗುತ್ತದೆ, ಮಾಲೆಯಾಗುತ್ತದೆ, ತಾನೇ ತುಂಡಾಗುತ್ತದೆ. ಆದರೆ ಅದರ ಕತ್ತರಿ ಹ್ಯಾಮರ್‌ಹೆಡ್ ಅಲ್ಲ. 1998ರಲ್ಲಿ ಏಡ್ರಿಯನ್ ಫೆರೆ-ಡಮಾರೆ, ಕೈಹಾಂಗ್ ಝೌ ಮತ್ತು ಜೆನಿಫರ್ ಡೌಡ್ನಾ ಅದರ ರೂಪ ಬಿಡಿಸಿದರು. ಎಂಬತ್ತೈದರಷ್ಟು ಅಕ್ಷರ ಒಂದರೊಳಗೊಂದು ಹೊಕ್ಕ ಎರಡು ಹುಸಿಗಂಟುಗಳಾಗಿ ಹೆಣೆದುಕೊಂಡಿದ್ದವು. ಹುಸಿಗಂಟು ಎಂದರೆ, ಕುಣಿಕೆಯ ಅಕ್ಷರಗಳು ಕುಣಿಕೆಯ ಹೊರಗಿನ ಎಳೆಯ ಜೊತೆ ಜೋಡಿ ಕಟ್ಟುವುದು. ದೂರದಿಂದ ಗಂಟಿನಂತೆ ಕಂಡರೂ ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುತ್ತದೆ ಎಂದ ಮಾತ್ರಕ್ಕೆ ಸಡಿಲ ಅಲ್ಲ. ಬೇರೆ ಆರ್‌ಎನ್‌ಎಗಳನ್ನು ಬಿಡಿಸಿಹಾಕುವಷ್ಟು ಯೂರಿಯಾ ಬೆರೆಸಿದ ದ್ರಾವಣದಲ್ಲೂ ಅದು ಕೆಲಸ ಮಾಡುತ್ತದೆ. ಹೆಣಿಗೆಯ ನಡುವೆ ಆಳವಾದ ಬಿರುಕೊಂದಿದೆ. ಬಿರುಕಿನ ತಳದಲ್ಲಿ 75ನೇ ಸಿ ಕೂತು ಕೊಯ್ತಕ್ಕೆ ಬೇಕಾದ ಪ್ರೋಟಾನ್ ಒದಗಿಸುತ್ತದೆ.

ಹ್ಯಾಮರ್‌ಹೆಡ್ ಬೇರೆ, ಹುಸಿಗಂಟು ಬೇರೆ, ಕೊಯ್ಯುವ ರಸಾಯನ ಒಂದೇ: ಆಕ್ಸಿಜನ್ ಎರಗಬೇಕು, ಮೂರೂ ಗೆರೆಗೆ ಬರಬೇಕು. ಗೆರೆಗೆ ತರುವ ಹಿಡಿತವನ್ನು ಒಂದೊಂದು ಆರ್‌ಎನ್‌ಎ ಒಂದೊಂದು ತೆರನಾಗಿ ಕಟ್ಟಿಕೊಂಡಿದೆ. 2010ರ ಸುಮಾರಿಗೆ ಹುಡುಕುವವರು ಬರೀ ಅಕ್ಷರದ ಸಾಲು ಹೋಲಿಸುವುದನ್ನು ಬಿಟ್ಟು, ನಡುಮನೆ, ಕಾಂಡ, ಕುಣಿಕೆ ಹೇಗೆ ಕೂಡಿವೆ ಎಂದು ನೋಡತೊಡಗಿದರು. ಆಗ ಹ್ಯಾಮರ್‌ಹೆಡ್ ಬ್ಯಾಕ್ಟೀರಿಯಾದಲ್ಲಿ, ಕೀಟಗಳಲ್ಲಿ, ಕಪ್ಪೆಯಲ್ಲಿ, ಕೊನೆಗೆ ಮನುಷ್ಯನ ಜೀನುಗಳ ನಡುವೆಯೂ ಸಿಕ್ಕಿತು. ಅಲ್ಲೆಲ್ಲ ಅದು ಹೊಸದಾಗಿ ಬಂದಿರಲಿಲ್ಲ. ಹುಡುಕುವ ಕಣ್ಣು ಹೊಸದಾಗಿತ್ತು.

ಈ ವರ್ಷವೂ ಪೂಜೆಗೆ ಮನೆಯ ಚಾಕು, ಕತ್ತರಿ, ಸ್ಕ್ರೂಡ್ರೈವರ್ ಎಲ್ಲ ತೊಳೆದು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆವು. ಅಜ್ಜಿ ಮಾರು ಅಳೆದು, ಕೊಯ್ದು, ಗಂಟು ಹಾಕಿ, ಬಾಲ ಬಿಟ್ಟು ಕೊಟ್ಟರು. "ಕತ್ತರಿಸ್ಬಿಟ್ಟೀರಾ ಮತ್ತೆ" ಎಂದರು, ನಗುತ್ತಲೇ. ಬಾಲದಿಂದ ಬಾಲಕ್ಕೆ ಬಿಗಿದು ಕಟ್ಟಿದೆ. ಮಾಲೆ ನಾಲ್ಕು ದಿನ ಸ್ಕೂಟರಿನ ಮೇಲೇ ಇದ್ದು, ಅಲ್ಲೇ ಒಣಗಿತು.